ಹಗ್ಗ ಹೇಳಿದ ಗುಟ್ಟು

ನಮ್ಮ ಸಂಘದ ಯುಗಾದಿ ಊಟದಲ್ಲಿ ಯಾರಾದರೂ "ನೀವೇನು ಕೆಲಸ ಮಾಡೋದು ಸಾರ್?" ಅಂದರೆ, "ಪಶುವೈದ್ಯ" ಎಂದು ಹೇಳಿ ಒಬ್ಬಟ್ಟಿಗೆ ಕೈ ಹಾಕುತ್ತೇನೆ. "ಯಾವ ಪಶು?" ಅಂದರೆ ಮಾತ್ರ ಕಷ್ಟ! ಹೆಬ್ಬಾಳದ ಕಾಲೇಜಿನಲ್ಲಿ ಹಸು, ಎಮ್ಮೆ ನೋಡಿ ಕಲಿತವನು ಇಲ್ಲಿ ಅಯೋವಾದಲ್ಲಿ ನೋಡುವುದು ಹಂದಿಗಳನ್ನು. ಅಮೆರಿಕದಲ್ಲೇ ಅತಿ ಹೆಚ್ಚು ಹಂದಿ ಸಾಕುವ ರಾಜ್ಯವಿದು.

ಹೊರಗಿನಿಂದ ತಂದ ಹಂದಿಗಳನ್ನು ನೇರವಾಗಿ ಹಳೆಯವುಗಳ ಜೊತೆ ಬಿಡುವಂತಿಲ್ಲ. ಕನಿಷ್ಠ ಒಂದು ತಿಂಗಳಾದರೂ ಬೇರೆ ಶೆಡ್ಡಿನಲ್ಲಿ ಕ್ವಾರಂಟೈನ್. 2020ರ ನಂತರ ಈ ಪದವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ದೊಡ್ಡ ಶತ್ರು 'ಪಿಆರ್‌ಆರ್‌ಎಸ್' ಎಂಬ ವೈರಸ್. ಮರಿಗಳಿಗೆ ಶ್ವಾಸಕೋಶದ ರೋಗ, ಗಬ್ಬದ ಹಂದಿಗಳಿಗೆ ಗರ್ಭಪಾತ. ಮನುಷ್ಯರಿಗೆ ಇದು ಅಂಟುವುದಿಲ್ಲ, ಆದರೆ ರೈತನ ಮನೆ ಮುರಿಯುತ್ತದೆ.

ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಅರವತ್ತು ಹೆಣ್ಣು ಹಂದಿಗಳನ್ನು ತಂದಿದ್ದರು. ಮೂರು ವಾರ ಕಳೆದಿತ್ತು. "ಎಲ್ಲ ಚೆನ್ನಾಗಿವೆ ಡಾಕ್ಟರೇ, ಒಳಗೆ ಬಿಡೋಣ" ಎಂದು ಅವರ ಅವಸರ. ಅರ್ಧ ಗಂಟೆ ನಿಂತು ಕಿವಿಗೊಟ್ಟೆ, ಒಂದೂ ಕೆಮ್ಮಲಿಲ್ಲ. ಮೇವೂ ಚೆನ್ನಾಗಿ ತಿನ್ನುತ್ತಿದ್ದವು. ನನಗೂ ಹೂಂ ಅನ್ನಬೇಕೆನಿಸಿತು. ಆದರೆ ದೊಡ್ಡ ಹಂದಿಗಳು ಕೆಮ್ಮದೆಯೇ ಈ ವೈರಸ್ಸನ್ನು ವಾರಗಟ್ಟಲೆ ಹೊತ್ತಿರಬಲ್ಲವು.

ಹಿಂದೆ ಒಂದೊಂದನ್ನೂ ಹಿಡಿದು ರಕ್ತ ತೆಗೆಯಬೇಕಿತ್ತು. ಅವುಗಳ ಕಿರುಚಾಟ ಊರಿಗೆಲ್ಲ ಕೇಳಿಸುತ್ತಿತ್ತು. ಈಗ ಸುಲಭ. ಇಲ್ಲಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಬೆಳೆಸಿದ ಉಪಾಯವಿದು: ದೊಡ್ಡಿಯಲ್ಲಿ ಹಂದಿಯ ಭುಜದೆತ್ತರಕ್ಕೆ ಹತ್ತಿಯ ಹಗ್ಗ ಕಟ್ಟಿ. ಕುತೂಹಲದ ಪ್ರಾಣಿ, ಹೆಚ್ಚಿನವು ಬಂದು ಅಗಿಯುತ್ತವೆ. ಅರ್ಧ ಗಂಟೆಗೆ ಹಗ್ಗ ಜೊಲ್ಲಿನಿಂದ ತೊಯ್ದಿರುತ್ತದೆ. ಚೀಲದೊಳಗೆ ಹಿಂಡಿ, ಪಿಸಿಆರ್ ಪರೀಕ್ಷೆಗೆ ಕಳಿಸಿದರಾಯಿತು.

ಹಾಗೇ ಮಾಡಿದೆ. ಫಲಿತಾಂಶ ಪಾಸಿಟಿವ್! ಹಗ್ಗ ಇಡೀ ಗುಂಪಿನ ಸುದ್ದಿ ಹೇಳುತ್ತದೆಯೇ ಹೊರತು ಯಾವ ಹಂದಿ ಎಂದು ಹೇಳುವುದಿಲ್ಲ. ರಕ್ತ ಪರೀಕ್ಷೆಯೂ ಅದನ್ನೇ ಖಚಿತಪಡಿಸಿತು. ಆ ಅರವತ್ತೂ ಒಳಗೆ ಹೋಗಲಿಲ್ಲ. ರೈತರು ಬಹಳ ಹೊತ್ತು ಮಾತಾಡಲಿಲ್ಲ. ಒಳಗಿನ ಶೆಡ್ಡಿನಲ್ಲಿ ಅವರ ತಂದೆಯ ಕಾಲದಿಂದ ಬೆಳೆಸಿದ ತಳಿಯಿತ್ತು.

ಇನ್ನೊಂದು ಮಾತು. ಫ್ಲೂ ನಮ್ಮಿಂದಲೂ ಹಂದಿಗಳಿಗೆ ಹೋಗುತ್ತದೆ. 2009ರ ಎಚ್1ಎನ್1 ಹಾಗೆ ಎಷ್ಟೋ ಕಡೆ ಹೋಯಿತು. ಅದಕ್ಕೇ ನನಗೆ ಜ್ವರ ಬಂದರೆ ಶೆಡ್ಡಿಗೆ ಕಾಲಿಡುವುದಿಲ್ಲ. ಕ್ವಾರಂಟೈನ್ ವೈದ್ಯನಿಗೂ ಉಂಟು!

ಹೆಚ್ಚಿನ ವಿವರ ಬೇಕಿದ್ದರೆ ಮುಂದಿನ ಯುಗಾದಿಗೆ ಸಿಗಿ. ದಯವಿಟ್ಟು ಒಬ್ಬಟ್ಟು ಮುಗಿದ ಮೇಲೆ ಕೇಳಿ.