ಮಂಡಲ ಅಂದ್ರೆ ಒಂದು ಟಾಪ್ ವ್ಯೂ

ಮೂರನೇ ಸೆಮ್‌ನ ಎರಡನೇ ಇಂಟರ್ನಲ್ಸ್. ಮಾರನೇ ದಿನ ಮ್ಯಾಥ್ಸ್. ರಾತ್ರಿ ಹನ್ನೊಂದಕ್ಕೆ ನನ್ನ ಕೈ ನಡುಗೋಕೆ ಶುರುವಾಯ್ತು. ಓದಿದ್ದೆಲ್ಲಾ ಮರೆತುಹೋಗಿದೆ ಅನ್ನೋ ಭಯ, ಎದೆ ಡಬಡಬ. ನನ್ನ ರೂಮ್‌ಮೇಟ್ ತನ್ನ ಮಂಡಲ ಕಲರಿಂಗ್ ಬುಕ್ಕು, ನಾಲ್ಕು ಸ್ಕೆಚ್ ಪೆನ್ನು ತಂದು ಮುಂದಿಟ್ಟು, "ಮೊದಲು ಇದನ್ನ ತುಂಬು ಕಣೇ, ಆಮೇಲೆ ಓದು" ಅಂದ್ಲು. ಅರ್ಧ ಗಂಟೆಯಲ್ಲಿ ನಡುಕ ನಿಂತಿತ್ತು. ಬುಕ್ಕಿನ ಹಿಂದೆ ಮಂಡಲದ ದಿವ್ಯಶಕ್ತಿ ಬಗ್ಗೆ ಏನೇನೋ ಬರೆದಿತ್ತು. ಆ ಶಕ್ತಿ ಮಂಡಲದ್ದಾ, ಸ್ಕೆಚ್ ಪೆನ್ನಿಂದಾ ಅನ್ನೋ ಡೌಟು ನನಗೆ. ರಜೆಯಲ್ಲಿ ಕೂತು ಓದಿದೆ.

ಮಂಡಲ ಅಂದ್ರೆ ಸಂಸ್ಕೃತದಲ್ಲಿ ವೃತ್ತ. ನಮಗೆ ಹೊಸ ಪದ ಏನಲ್ಲ, ಮನೆಯಲ್ಲಿ ಅಜ್ಜಿ "ಒಂದು ಮಂಡಲ ವ್ರತ" ಅಂದ್ರೆ 48 ದಿನ ಅಂತ ಎಲ್ಲರಿಗೂ ಗೊತ್ತು. ಆದರೆ ಕಲರಿಂಗ್ ಬುಕ್ಕಿನಲ್ಲಿ ಇರೋ ಡಿಸೈನ್‌ಗಳು ಎಲ್ಲಿಂದ ಬಂದವು ಅಂತ ಹುಡುಕಿದರೆ ಹೆಚ್ಚಾಗಿ ಸಿಗೋದು ಟಿಬೆಟಿನ ಬೌದ್ಧ ಮಂಡಲಗಳು. ಟಿಬೆಟನ್ ಭಾಷೆಯಲ್ಲಿ ಇದಕ್ಕೆ ಕ್ಯಿಲ್ಖೋರ್ ಅಂತಾರೆ. ಕೇಂದ್ರ ಮತ್ತು ಅದರ ಸುತ್ತಲಿನದು ಅಂತ ಅರ್ಥ.

ನನಗೆ ನಿಜವಾಗಿ ಖುಷಿ ಕೊಟ್ಟ ವಿಷಯ ಏನಂದ್ರೆ, ಅದು ಡಿಸೈನೇ ಅಲ್ಲ, ಕಟ್ಟಡದ ಪ್ಲಾನ್! ಹೊರಗಿನ ವೃತ್ತಗಳು ಬೆಂಕಿ, ವಜ್ರ, ಕಮಲದ ದಳಗಳ ಬೇಲಿ. ಒಳಗಿನ ಚೌಕ ಒಂದು ಅರಮನೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಮೇಲಿಂದ ನೋಡಿದರೆ ಬಾಗಿಲು ಕಾಣೋದಿಲ್ಲ ಅಲ್ವಾ? ಅದಕ್ಕೆ ಅವುಗಳನ್ನ ಹೊರಕ್ಕೆ ಮಲಗಿಸಿ ಬಿಡಿಸಿರ್ತಾರೆ. ಫಸ್ಟ್ ಇಯರ್ ಡ್ರಾಯಿಂಗ್‌ನಲ್ಲಿ ಡೆವಲಪ್‌ಮೆಂಟ್ ಆಫ್ ಸರ್ಫೇಸಸ್ ಅಂತ ನಮ್ಮನ್ನ ಅಳಿಸಿದ್ರಲ್ಲ, ಹೆಚ್ಚುಕಡಿಮೆ ಅದೇ. ಕಾಲಚಕ್ರ ಮಂಡಲದ ಅರಮನೆಯಲ್ಲಿ 722 ದೇವತೆಗಳು ಇರ್ತಾರೆ. ಧ್ಯಾನ ಮಾಡೋರು ಈ ಪ್ಲಾನ್ ನೋಡಿಕೊಂಡು ಪೂರ್ತಿ ಅರಮನೆಯನ್ನ ಮನಸ್ಸಲ್ಲಿ ತ್ರೀಡಿಯಲ್ಲಿ ಕಟ್ಟಬೇಕು, ಬಾಗಿಲಿಂದ ಒಳಗೆ ಹೋಗಬೇಕು, ನಡುವೆ ಕೂತ ದೇವತೆ ತಾನೇ ಅಂತ ಭಾವಿಸಬೇಕು. ಕೊನೆಗೆ ಅಷ್ಟನ್ನೂ ಶೂನ್ಯದಲ್ಲಿ ಕರಗಿಸಬೇಕು. ಕ್ಯಾಡ್ ಸಾಫ್ಟ್‌ವೇರ್ ಇಲ್ಲದೆ. ನನಗೆ ಒಂದು ಕೋನ್ ರೊಟೇಟ್ ಮಾಡೋಕೂ ಬರಲ್ಲ.

ಮರಳಿನ ಮಂಡಲದಲ್ಲಿ ಈ ಕರಗಿಸೋದು ಕಣ್ಣಿಗೇ ಕಾಣುತ್ತೆ. ಮೊದಲು ದಾರದಿಂದ ಗೆರೆ ಹಾಕ್ತಾರೆ, ಆಮೇಲೆ ನಡುವಿನಿಂದ ಶುರುಮಾಡಿ ಹೊರಕ್ಕೆ ಬಣ್ಣದ ಮರಳು ತುಂಬ್ತಾರೆ. ಚಕ್ಪುರ್ ಅನ್ನೋ ಲೋಹದ ಸಣ್ಣ ಕೊಳವೆ, ಅದರ ಮೈಮೇಲೆ ಹಲ್ಲುಹಲ್ಲು. ಇನ್ನೊಂದು ಕಡ್ಡಿಯಿಂದ ಉಜ್ಜಿದರೆ ಅದುರಿ, ಮರಳು ನೀರಿನ ಹಾಗೆ ಸಣ್ಣಗೆ ಇಳಿಯುತ್ತೆ. ಎಷ್ಟು ಜೋರಾಗಿ ಉಜ್ಜುತ್ತೀರೋ ಅಷ್ಟು ಫ್ಲೋ. ಹಲವು ದಿನ ಬಗ್ಗಿ ಮಾಡಿದ್ದನ್ನ ಪೂಜೆ ಮುಗಿದ ಮೇಲೆ ಗುಡಿಸಿ, ಸ್ವಲ್ಪ ಜನರಿಗೆ ಹಂಚಿ, ಉಳಿದಿದ್ದನ್ನ ಹರಿಯೋ ನೀರಿಗೆ ಬಿಡ್ತಾರೆ. ಯಾವುದೂ ಉಳಿಯಲ್ಲ ಅನ್ನೋದನ್ನ ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿ ತೋರಿಸೋದು. ಈ ವಿದ್ಯೆ ಕಲಿಸೋ ಗ್ಯುಮೆ ತಾಂತ್ರಿಕ ಮಠ ಇವತ್ತು ಇರೋದು ನಮ್ಮ ಹುಣಸೂರು ಹತ್ತಿರದ ಗುರುಪುರದಲ್ಲೇ.

ಗಮನಿಸಿ, ಇದರಲ್ಲಿ ಸ್ಟ್ರೆಸ್ ಕಡಿಮೆ ಮಾಡೋ ಮಾತೇ ಇಲ್ಲ. ಆ ಕಥೆ ಬೇರೆ ಕಡೆಯಿಂದ ಬಂತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮೊದಲನೇ ಮಹಾಯುದ್ಧದ ಕೊನೆಯ ಹೊತ್ತಿಗೆ ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಸಣ್ಣ ವೃತ್ತಚಿತ್ರ ಬಿಡಿಸ್ತಿದ್ದರಂತೆ. ಅವತ್ತಿನ ಮನಸ್ಸು ಹೇಗಿದೆಯೋ ಚಿತ್ರವೂ ಹಾಗೇ ಬದಲಾಗೋದನ್ನ ನೋಡಿ, ಮಂಡಲ ನಮ್ಮ ಪೂರ್ತಿ ವ್ಯಕ್ತಿತ್ವದ ಚಿತ್ರ ಅಂದರು. ಆರ್ಟ್ ಥೆರಪಿಗೆ ಮಂಡಲ ಬಂದಿದ್ದರಲ್ಲಿ ಅವರ ಪಾತ್ರ ದೊಡ್ಡದು.

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2005ರಲ್ಲಿ ಅಮೆರಿಕದ ಕರಿ ಮತ್ತು ಕ್ಯಾಸರ್ ಅನ್ನೋರು ನಮ್ಮಂಥ 84 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ತಮ್ಮ ಭಯದ ಅನುಭವ ಬರೆಯೋಕೆ ಹೇಳಿ ಆತಂಕ ಏರಿಸಿದರು (ನಮಗಾದರೆ ಟೈಮ್‌ಟೇಬಲ್ ತೋರಿಸಿದ್ರೆ ಸಾಕಿತ್ತು). ಆಮೇಲೆ ಕೆಲವರಿಗೆ ಮಂಡಲ, ಕೆಲವರಿಗೆ ಚೌಕುಳಿ ಡಿಸೈನ್, ಕೆಲವರಿಗೆ ಖಾಲಿ ಹಾಳೆ ಕೊಟ್ಟು 20 ನಿಮಿಷ ಬಣ್ಣ ಹಚ್ಚೋಕೆ ಹೇಳಿದರು. ಮಂಡಲದವರ ಆತಂಕ ಇಳಿಯಿತು. ಚೌಕುಳಿಯವರದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು! ಖಾಲಿ ಹಾಳೆಯವರದು ಮಾತ್ರ ಅಷ್ಟು ಇಳಿಯಲಿಲ್ಲ. 2012ರಲ್ಲಿ ಬೇರೆಯವರು 50 ಜನ ವಯಸ್ಕರ ಮೇಲೆ ಇದನ್ನೇ ಮಾಡಿದಾಗ ಚೌಕುಳಿಗಿಂತ ಮಂಡಲವೇ ಮೇಲು ಅಂತ ಬಂತು. ಅಂದ್ರೆ ವೃತ್ತದ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಕೆಲಸ ಮಾಡೋದು ಕಟ್ಟುನಿಟ್ಟು: ಗೆರೆ ಆಗಲೇ ಇದೆ, ಏನು ಬಿಡಿಸಲಿ ಅನ್ನೋ ಚಿಂತೆ ಇಲ್ಲ, ಆದರೆ ಗಮನ ತಪ್ಪಿದರೆ ಬಣ್ಣ ಹೊರಗೆ ಹೋಗುತ್ತೆ. ಭಯಪಡೋಕೆ ಮನಸ್ಸಿಗೆ ಪುರುಸೊತ್ತೇ ಸಿಗಲ್ಲ.

ಒಂದು ಮಾತು ಮಾತ್ರ ಸೀರಿಯಸ್ಸಾಗಿ. ಆ ಎರಡು ಪರೀಕ್ಷೆಗಳೂ ಅಳೆದಿದ್ದು ಆ ಹೊತ್ತಿನ ಆತಂಕ ಅಷ್ಟೇ. ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂದ್ರೆ ಸ್ಕೆಚ್ ಪೆನ್ ಸಾಲದು, ಕೌನ್ಸೆಲರ್ ಹತ್ರ ಹೋಗಿ. ನಾನೂ ಹೋದೆ, ಮೂರು ಸಲ.

ಮೂರನೇ ಇಂಟರ್ನಲ್ಸ್ ಹಿಂದಿನ ರಾತ್ರಿ ಬೇಕಂತಲೇ ಮಂಡಲ ಮುಟ್ಟಲಿಲ್ಲ, ಉಳಿದಿದ್ದ ಗ್ರಾಫ್ ಶೀಟಿಗೆ ಚೌಕುಳಿ ಬಣ್ಣ ಹಚ್ಚಿದೆ. ಕೈ ನಡುಗಲಿಲ್ಲ. ರೂಮ್‌ಮೇಟ್ ಒಪ್ಪಲ್ಲ, "ಆ ಸಲ ಪೇಪರ್ರೇ ಈಸಿ ಇತ್ತು ಬಿಡು" ಅಂತಾಳೆ.