ಪಲ್ಲವಿಗೆ ಮರಳುವ ಗುಟ್ಟು

ಐದು ನುಡಿಯ ಒಂದು ಪದ. ಪ್ರತಿ ನುಡಿ ಮುಗಿದಾಗಲೂ ಪಲ್ಲವಿಗೆ ಮರಳಬೇಕು. ಎಣಿಸಿ ನೋಡಿ, ಶುರುವಿನದೂ ಸೇರಿ ಒಂದೇ ಹಾಡಿನಲ್ಲಿ ಪಲ್ಲವಿ ಆರು ಸಲ! ಭಜನೆಯಲ್ಲಾದರೆ ಮುಂದಾಳು ಹೇಳಿದ್ದನ್ನು ಹಿಮ್ಮೇಳದವರು ತಿರುಗಿ ಹೇಳುತ್ತಾರೆ. ಆರು ಹೋಗಿ ಹನ್ನೆರಡಾಯಿತು. ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯ ಮಹಿಪತಿದಾಸರ ಪದಗಳನ್ನು ಹೀಗೆ ಎಣಿಸುತ್ತ ಕೂತಾಗ ಮೈ ಜುಮ್ಮೆಂದಿತು. ಮರೆವಿಗೆ ಎಂಥ ಬಲೆ ಹೆಣೆದಿದ್ದಾರೆ ಈ ದಾಸರು!

ಮಹಿಪತಿದಾಸರು 17ನೇ ಶತಮಾನದವರು. ವಿಜಯಪುರದ ಆದಿಲಶಾಹಿ ದರ್ಬಾರಿನಲ್ಲಿ ಅಧಿಕಾರಿಯಾಗಿದ್ದವರು, ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾಗಿ, ಎಲ್ಲ ಬಿಟ್ಟು ಕಾಖಂಡಕಿಯಲ್ಲಿ ನೆಲೆನಿಂತರು. ಕನ್ನಡದ ಜೊತೆಗೆ ಮರಾಠಿ, ಹಿಂದುಸ್ತಾನಿಯಲ್ಲೂ ಪದ ಕಟ್ಟಿದರು. ಹಸ್ತಪ್ರತಿಗಳಿದ್ದವು, ನಿಜ. ಆದರೆ ಅಕ್ಷರ ಬಾರದವರ ನಾಲಿಗೆಯ ಮೇಲೂ ದಾಸರ ಪದ ಕೂತದ್ದು ಹೇಗೆ?

ಹಾಡಿನೊಳಗೇ ಉತ್ತರವಿದೆ. ಆದಿಪ್ರಾಸ ನೋಡಿ: ಮೊದಲ ಸಾಲಿನ ಎರಡನೇ ಅಕ್ಷರ ರಕಾರವಾದರೆ ಮುಂದಿನ ಸಾಲಿನದೂ ರಕಾರವೇ. ಸಾಲು ಮರೆತಿರಾ? ಆ ಒಂದು ಅಕ್ಷರವೇ ಅದನ್ನು ಎಳೆದು ತರುತ್ತದೆ. ತಪ್ಪು ಮಾತು ನುಸುಳಿತೋ, ಪ್ರಾಸ ಕೆಡುತ್ತದೆ. ಒಂದು ಮಾತ್ರೆ ಹೆಚ್ಚಾಯಿತೋ, ತಾಳ ತಪ್ಪಿ ಪಕ್ಕದವರು ತಿರುಗಿ ನೋಡುತ್ತಾರೆ! ಕೊನೆಯ ನುಡಿಯಲ್ಲಿ ಅಂಕಿತ. ಕವಿಯ ಹೆಸರೂ ಹಾಡಿನ ಜೊತೆಗೇ ಬಾಯಿಪಾಠ. ಮಗ ಕೃಷ್ಣದಾಸರಂತೂ ತಮ್ಮ ಅಂಕಿತದಲ್ಲಿ ತಂದೆಯ ಹೆಸರನ್ನೇ ಪೋಣಿಸಿಬಿಟ್ಟರು.

ಹೀಗೆ ಮರಳಿ ಮರಳಿ ಹೇಳಿದರೆ ನೆನಪು ಏಕೆ ಉಳಿಯುತ್ತದೆ? ತಿಳಿಯಲು ಈಗ ಜರ್ಮನಿಗೆ ಬನ್ನಿ. 1885ರಲ್ಲಿ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ನಡೆಸಿದ ನೆನಪಿನ ಪ್ರಯೋಗಗಳ ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ 12 ಉಚ್ಚಾರಾಂಶಗಳ ಸಾಲನ್ನು ಒಂದೇ ದಿನ 68 ಸಲ ಉರು ಹೊಡೆದರೆ ಎಷ್ಟು ನೆನಪು ಉಳಿಯುತ್ತದೋ, ಮೂರು ದಿನಕ್ಕೆ ಹಂಚಿ ಬರೀ 38 ಸಲ ಹೇಳಿದರೂ ಅಷ್ಟೇ ಉಳಿಯಿತು! ಅರ್ಥವಿರುವ ಕವಿತೆಗಂತೂ ಸುಮಾರು ಹತ್ತನೇ ಒಂದು ಪಾಲು ಶ್ರಮ ಸಾಕಾಯಿತು. ನಡುವೆ ಬಿಡುವು ಕೊಟ್ಟು ಮರಳಿ ಹೇಳುವುದೇ ಗುಟ್ಟು. ಎರಡು ಪಲ್ಲವಿಗಳ ನಡುವೆ ಒಂದು ನುಡಿ ಇರುವುದು, ಒಂದು ಏಕಾದಶಿಯ ಭಜನೆಯಿಂದ ಮುಂದಿನದಕ್ಕೆ ಹದಿನೈದು ದಿನ ಇರುವುದು, ಇದೆಲ್ಲ ಮತ್ತೇನು? ದಾಸರು ಈ ಲೆಕ್ಕ ಹಾಕಿ ಕಟ್ಟಿದರೆಂದು ನಾನು ಹೇಳಲಾರೆ. ಆದರೆ ಲೆಕ್ಕ ಕೂಡುತ್ತದೆ, ಅದೂ ಎಬ್ಬಿಂಗ್‌ಹೌಸ್ ಹುಟ್ಟುವ ಎಷ್ಟೋ ಮೊದಲೇ!

ಸಂಗೀತ ಕಲಿಯುವವರಿಗೆ ಪುರಂದರದಾಸರು ಹಾಕಿಕೊಟ್ಟರೆನ್ನುವ ಸರಳೆ ವರಸೆಯೂ ಇದೇ ದಾರಿಯದು: ಅದೇ ಸ್ವರ, ಮೂರು ಕಾಲದಲ್ಲಿ, ದಿನಾ.

ಬಾಯಿಪಾಠ ಎಂದರೆ ಮೂಗು ಮುರಿಯುವ ಕಾಲವಿದು. ಬಯ್ಯಬೇಕಾದದ್ದು ಪರೀಕ್ಷೆಯ ಹಿಂದಿನ ರಾತ್ರಿಯ ಆ 68 ಸಲವನ್ನು, ಮಗ್ಗಿಯನ್ನಲ್ಲ, ಪದ್ಯವನ್ನಲ್ಲ. ನಿಮ್ಮ ಮಗುವಿಗೆ ಈ ವಾರ ಒಂದು ಪದ ಕಲಿಸಿ. ಇವತ್ತು ಹಾಡಿಸಿ, ನಾಡಿದ್ದು ಹಾಳೆ ಮುಚ್ಚಿ ಹಾಡಿಸಿ, ಮುಂದಿನ ಏಕಾದಶಿಗೆ ಮತ್ತೊಮ್ಮೆ ಕೇಳಿ.