ಬಸ್ ಹೊರಟ ಮೇಲೆ ಡೌಟ್ ಯಾರನ್ನ ಕೇಳೋದು?

ಕೊನೆ ಪೀರಿಯಡ್ ಮುಗಿಯೋ ಹೊತ್ತಿಗೆ ನಮ್ಮ ಅರ್ಧ ಕ್ಲಾಸಿನ ಕಣ್ಣು ಗಡಿಯಾರದ ಮೇಲಿರುತ್ತೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಅಂತ ದಿನಾ ಕೋಲಾರಕ್ಕೆ ಓಡಾಡೋರಿಗೆಲ್ಲ ಅವಸರ. "ಎನಿ ಡೌಟ್ಸ್?" ಅಂತ ಸರ್ ಕೇಳಿದರೆ ಯಾರೂ ಕೈ ಎತ್ತಲ್ಲ. ಮನೆಗೆ ಹೋಗಿ ಪುಸ್ತಕ ತೆಗೆದಾಗಲೇ ನಿಜವಾದ ಡೌಟ್ ಶುರುವಾಗೋದು. ಆಗ ಕೇಳೋಕೆ ಎದುರಿಗೆ ಯಾರೂ ಇರಲ್ಲ.

ಇಂಥ ಹೊತ್ತಿಗೆ ಇರೋದೇ ಆನ್‌ಲೈನ್ ಚರ್ಚಾ ವೇದಿಕೆಗಳು. ನಮಗೆ ಹತ್ತಿರದ ಉದಾಹರಣೆ ಎನ್‌ಪಿಟೆಲ್. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಇದು. 2014ರಿಂದ ಸರ್ಟಿಫಿಕೇಟ್ ಕೋರ್ಸ್‌ಗಳೂ ಇವೆ. ವೀಡಿಯೊ ನೋಡ್ತೀವಿ, ವಾರವಾರ ಅಸೈನ್‌ಮೆಂಟ್ ಸಬ್ಮಿಟ್ ಮಾಡ್ತೀವಿ. ಆದರೆ ಕೋರ್ಸ್ ಪುಟದಲ್ಲೇ ಇರುವ ಪ್ರಶ್ನೆ ಕೇಳುವ ಜಾಗವನ್ನು ತೆರೆಯೋದೇ ಇಲ್ಲ. ಅಲ್ಲಿ ಉತ್ತರ ಕೊಡೋಕೆಂದೇ ಟಿಎಗಳು ಇರ್ತಾರೆ, ಕೆಲವೊಮ್ಮೆ ಪ್ರೊಫೆಸರೇ ಬರೆಯುತ್ತಾರೆ.

ಯಾಕೆ ತೆರೆಯಲ್ಲ? ಮುಜುಗರ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಗೊತ್ತಿಲ್ಲದ ಜನರ ಮುಂದೆ ನಾಲ್ಕು ಸಾಲು ಬರೆಯೋಕೆ ಕೈ ನಡುಗುತ್ತೆ.

ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರು ನಮ್ಮ ಮೇಷ್ಟ್ರುಗಳು. 2011ರ ಸುಮಾರಿಗೆ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಶುರುವಾಯಿತು. ಶಿಕ್ಷಣ ಇಲಾಖೆಯ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇದನ್ನು ನಡೆಸಿತು. ಬೇರೆ ಬೇರೆ ಜಿಲ್ಲೆಗಳ ಶಿಕ್ಷಕರು ಇಮೇಲ್ ಗುಂಪಿನಲ್ಲಿ ಪಾಠದ ವಿಷಯ ಹಂಚಿಕೊಂಡರು, ಕನ್ನಡದಲ್ಲೂ ಬರೆದರು. ಅವರಿಗೆ ಆದದ್ದು ನಮಗೆ ಯಾಕಾಗಲ್ಲ?

ಹಾಗಾದ್ರೆ ಶುರು ಮಾಡೋದು ಹೇಗೆ?

ಮೊದಲು ಒಂದು ವಾರ ಸುಮ್ಮನೆ ಓದಿ. ನಮ್ಮ ಡೌಟನ್ನು ಬೇರೆ ಯಾರೋ ಆಗಲೇ ಕೇಳಿರ್ತಾರೆ. ಅಲ್ಲಿ ಜನ ಹೇಗೆ ಮಾತಾಡ್ತಾರೆ ಅನ್ನೋದೂ ಗೊತ್ತಾಗುತ್ತೆ, ಭಯ ಅರ್ಧ ಕಡಿಮೆಯಾಗುತ್ತೆ.

ಆಮೇಲೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿ. ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರು ಔಷಧಿ ಅಂಗಡಿಗೆ ಹೋಗಿ "ಮರಕ್ಕೆ ಏನೋ ಆಗಿದೆ" ಅಂದ್ರೆ ಅಂಗಡಿಯವರು ಏನು ಕೊಡೋಕಾಗುತ್ತೆ? ಹೂವು ಉದುರ್ತಿದೆಯಾ, ಎಲೆ ಮೇಲೆ ಅಂಟು ಇದೆಯಾ, ಈಗಾಗಲೇ ಏನು ಹೊಡೆದಿದ್ದೀರಾ ಅಂತ ತಿರುಗಿ ಕೇಳ್ತಾರೆ. "ಕೋಡ್ ವರ್ಕ್ ಆಗ್ತಿಲ್ಲ, ಪ್ಲೀಸ್ ಹೆಲ್ಪ್" ಅನ್ನೋದೂ ಅದೇ ಥರ.

ಅದರ ಬದಲು ಹೀಗೆ ಬರೆದು ನೋಡಿ: "ಲಿಂಕ್ಡ್ ಲಿಸ್ಟಿನ ಕೊನೆಯ ನೋಡ್ ಅಳಿಸಬೇಕು. ಮೂರು ನೋಡ್ ಇದ್ದಾಗ ಸರಿಯಾಗಿ ನಡೆಯುತ್ತೆ. ಒಂದೇ ನೋಡ್ ಇದ್ದಾಗ ಸೆಗ್ಮೆಂಟೇಶನ್ ಫಾಲ್ಟ್ ಬರುತ್ತೆ." ಏನು ಬೇಕು, ಏನು ಮಾಡಿದೆವು, ಎಲ್ಲಿ ನಿಂತಿತು ಮೂರೂ ಬಂತು. ಜೊತೆಗೆ ತೊಂದರೆ ಇರುವ ಏಳೆಂಟು ಸಾಲು ಕೋಡ್ ಮಾತ್ರ ಹಾಕಿ, ಇಡೀ ಫೈಲ್ ಬೇಡ. ತಮಾಷೆ ಏನಂದ್ರೆ, ಇಷ್ಟು ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತೆ: ಒಂದೇ ನೋಡ್ ಇದ್ದರೆ ಅದರ ಹಿಂದೆ ಇನ್ನೊಂದಿಲ್ಲ, ಆ ಪಾಯಿಂಟರ್ ನಲ್, ನಾವು ನಲ್‌ನೊಳಗೇ ಕೈ ಹಾಕ್ತಿದ್ದೀವಿ! ಇಂಗ್ಲಿಷ್ ಸಾಲು ಚಿಕ್ಕದಿರಲಿ, ಸಾಕು. ಗ್ರಾಮರ್‌ಗೆ ಅಲ್ಲಿ ಯಾರೂ ಮಾರ್ಕ್ಸ್ ಹಾಕಲ್ಲ.

ಒಂದು ಎಚ್ಚರ: ಅಸೈನ್‌ಮೆಂಟ್ ಕೊನೆ ದಿನಾಂಕಕ್ಕೆ ಮೊದಲು ನೇರ ಉತ್ತರ ಕೇಳಬಾರದು, ಕೊಡಲೂಬಾರದು. ಅರ್ಥವಾಗದ ವಿಷಯವನ್ನು ಕೇಳಬಹುದು.

"ಎಐ ಇರುವಾಗ ಇದೆಲ್ಲ ಯಾಕೆ?" ಅಂತ ನೀವು ಕೇಳಬಹುದು. 2008ರಿಂದ ಪ್ರೋಗ್ರಾಮರ್‌ಗಳ ಡೌಟ್ ಬಿಡಿಸುತ್ತಿರುವ ಸ್ಟ್ಯಾಕ್ ಓವರ್‌ಫ್ಲೋ, 2022ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ಹಾಕಬಾರದು ಅಂತ ನಿಯಮ ಮಾಡಿತು. ನೋಡೋಕೆ ಸರಿ ಅನ್ನಿಸಿದರೂ ತುಂಬಾ ಉತ್ತರಗಳು ತಪ್ಪಾಗಿರುತ್ತಿದ್ದವು. ವೇದಿಕೆಯಲ್ಲಿ ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಒಬ್ಬರೇ ಚಾಟ್ ಮಾಡ್ತಾ ಕೂತಾಗ ಆ ಇನ್ನೊಬ್ಬರು ಇರಲ್ಲ.

ಕೊನೆಯದಾಗಿ, ಉತ್ತರ ಸಿಕ್ಕಿದ ಮೇಲೆ ಮಾಯವಾಗಬೇಡಿ. ಯಾವ ಸಾಲು ಬದಲಿಸಿದ್ದಕ್ಕೆ ಸರಿಹೋಯ್ತು ಅಂತ ಅಲ್ಲೇ ಬರೆದು ಥ್ಯಾಂಕ್ಸ್ ಹೇಳಿ. ಹಾಗೇ ನಮಗೆ ಗೊತ್ತಿರುವ ಒಂದು ಸುಲಭದ ಪ್ರಶ್ನೆ ಕಂಡರೆ ಉತ್ತರಿಸಿ. ಬೇರೆಯವರಿಗೆ ಬಿಡಿಸಿ ಹೇಳೋಕೆ ಹೋದಾಗ ನಮಗೆ ಎಷ್ಟು ಅರ್ಥವಾಗಿದೆ ಅನ್ನೋದು ಗೊತ್ತಾಗುತ್ತೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಕೇಳಿದ ಡೌಟ್ ಒಬ್ಬರಿಗೆ ತೀರುತ್ತೆ. ಬರೆದಿಟ್ಟ ಡೌಟ್ ನಾವು ಎಂದೂ ನೋಡದ ಇನ್ನೊಬ್ಬರಿಗೂ ಸಿಗುತ್ತೆ.